ದಿಲ್ಲಿಗೆ ಹೊರಟ ಟ್ರಂಕು

"ಈ ಬ್ಯಾಸಿಗೆ ರಜದಾಗೆ ದಿಲ್ಲಿ ನೋಡ್ಲಿಲ್ಲ ಅಂದ್ರೆ ನನ್ನ ಭೂಗೋಳದ ಮೇಷ್ಟ್ರು ಅಂತ ಕರೀಲೇಬ್ಯಾಡ್ರಿ!"

ನ್ಯಾಮತಿಯ ಮಿಡ್ಲ್ ಸ್ಕೂಲಿನ ಮರುಳಸಿದ್ದಪ್ಪ ಮೇಷ್ಟ್ರು ೧೯೩೮ರ ಏಪ್ರಿಲ್ ತಿಂಗಳಲ್ಲಿ ನಾಗೇಂದ್ರಪ್ಪನ ಅಂಗಡಿಯ ಕಟ್ಟೆ ಹತ್ತಿ ನಿಂತು ಹೀಗೆ ಸಾರಿದರು. ಕೂತುಕೊಂಡು ಹೇಳಿದ್ದರೂ ನಡೆಯುತ್ತಿತ್ತು. ಆದರೆ ದಿಲ್ಲಿಯ ಮಾತನ್ನು ಕೂತು ಆಡುವುದು ದಿಲ್ಲಿಗೇ ಅವಮಾನವೆಂದು ಅವರಿಗೆ ತೋರಿತು. ಇಪ್ಪತ್ತೆರಡು ವರ್ಷ ಹುಡುಗರಿಗೆ ದಿಲ್ಲಿಯ ಪಾಠ ಹೇಳಿದ ಈ ಮಹಾನುಭಾವರು ಸ್ವತಃ ಕಂಡಿದ್ದ ಅತಿ ದೂರದ ಪಟ್ಟಣ ಹರಿಹರ. ಅದೂ ಯಾರದೋ ಮದುವೆಗೆ ಹೋದಾಗ ಮೂರು ದಿನವೂ ಮಳೆ ಹಿಡಿದು, ಛತ್ರವನ್ನಷ್ಟೇ ನೋಡಿಕೊಂಡು ಬಂದಿದ್ದರು.

ಈಗ ಅದೃಷ್ಟ ಖುಲಾಯಿಸಿತ್ತು. ಹೆಂಡತಿ ಶಂಕರಮ್ಮನ ತಮ್ಮ ಹನುಮಂತಪ್ಪ ದಿಲ್ಲಿಯ ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ರಜೆಯ ಮೇಲೆ ಚನ್ನಗಿರಿಗೆ ಬಂದವನು ಕಾಗದ ಬರೆದಿದ್ದ: 'ಭಾವ, ಬುಧವಾರ ಬೆಳಗ್ಗೆ ನ್ಯಾಮತಿಗೆ ಬರುತ್ತೇನೆ. ಎರಡು ಟಿಕೀಟು ತೆಗೆಸಿದ್ದೇನೆ. ಒಂಬತ್ತರ ಮೋಟಾರು ಹಿಡಿದು ಹರಿಹರಕ್ಕೆ ಹೋದರೆ ರೈಲು ಸಿಗುತ್ತದೆ. ಸಿದ್ಧವಾಗಿರಿ.'

"ನಾನೂ ಬರ್ಲೇನ್ರೀ?" ಎಂದು ಶಂಕರಮ್ಮ ಕೇಳಿದಳು. "ನನ್ನ ತಮ್ಮನ ಮನೆ ಅಲ್ವಾ?"

"ನಿಂಗೇನು ಕೆಲ್ಸ ಅಲ್ಲಿ? ವೈಸರಾಯರಿಗೆ ರೊಟ್ಟಿ ಬಡಿಯಾಕೆ ಹೋಗ್ತೀಯಾ? ಅಷ್ಟು ದೂರ ಹೋಗೋರಿಗೆ ದಿಕ್ಕು ಗೊತ್ತಿರಬೇಕು, ದಿಕ್ಕು!"

ಶಂಕರಮ್ಮ ಒಳಗೆ ಹೋಗಿ ಒಲೆಗೆ ಕಟ್ಟಿಗೆ ತುರುಕಿದಳು. ಕಟ್ಟಿಗೆ ಮುರಿದ ಸದ್ದು ಬೀದಿಗೆ ಕೇಳಿಸಿತು.

ತೊಡಕು ಬಂದದ್ದು ಪಂಚಾಂಗದಿಂದ. ಮಠದ ಅಯ್ಯನವರು ಬೆರಳು ಎಣಿಸಿ, "ಬುಧವಾರ ಉತ್ತರಕ್ಕೆ ಶೂಲ ಐತೆ ಮೇಷ್ಟ್ರೇ. ಆವತ್ತು ಹೊರಡಂಗಿಲ್ಲ" ಎಂದರು. ಮೇಷ್ಟ್ರ ಮುಖ ಬಾಡಿತು. ಅಯ್ಯನವರೇ ಪರಿಹಾರವನ್ನೂ ಹೇಳಿದರು. ಸೋಮವಾರವೇ ಪ್ರಸ್ಥಾನ ಇಟ್ಟುಬಿಡುವುದು! ಉತ್ತರ ದಿಕ್ಕಿನ ಯಾರದಾದರೂ ಮನೆಯಲ್ಲಿ ಒಂದು ಪಂಚೆಯನ್ನೋ ಕೊಡೆಯನ್ನೋ ಇಟ್ಟು ಬಂದರೆ ಆವತ್ತೇ ಪ್ರಯಾಣ ಹೊರಟ ಹಾಗೆ. ಒಂದೇ ಕಟ್ಟುಪಾಡು, ಇಟ್ಟದ್ದನ್ನು ಪ್ರಯಾಣ ಮುಗಿಯುವ ತನಕ ಮನೆಗೆ ವಾಪಸು ತರಬಾರದು. "ನಾಗೇಂದ್ರಪ್ಪನ ಮನೆ ನಿಮಗೆ ಸರಿಯಾಗಿ ಉತ್ತರಕ್ಕೈತೆ. ಅಲ್ಲೇ ಇಟ್ಟುಬಿಡ್ರಿ" ಎಂದರು.

ಅಯ್ಯನವರು ಇಷ್ಟಕ್ಕೇ ಸುಮ್ಮನಿದ್ದರೆ ಸಾಕಿತ್ತು. ಉತ್ತರ ಯಾವುದೆಂದು ಭೂಗೋಳದ ಮೇಷ್ಟ್ರಿಗೆ ತೋರಿಸಿಕೊಡುವುದೇ! ಮರುಳಸಿದ್ದಪ್ಪನವರ ಸ್ವಾಭಿಮಾನ ಹೆಡೆಯೆತ್ತಿತು. ಸೋಮವಾರ ಬೆಳಗ್ಗೆ ಸ್ಕೂಲಿನ ದಿಕ್ಸೂಚಿ ತಂದರು. ಪಂಚೆ, ಕೊಡೆ ಇಟ್ಟು ಹೊರಡಲು ಅವರೇನು ಸಾಮಾನ್ಯರೇ? ಕೋಟು, ರುಮಾಲು, ಪಂಚೆಗಳು, ಹೊಸ ಜೋಡು, ಕನ್ನಡಕ, ಕ್ಷೌರದ ಸಾಮಾನು, ಎಲ್ಲವನ್ನೂ ಟ್ರಂಕಿಗೆ ತುಂಬಿ ಅಂಗಳಕ್ಕೆ ತಂದರು. ದಿಕ್ಸೂಚಿಯನ್ನು ಅದರ ಮೇಲಿಟ್ಟು, ಉಸಿರು ಬಿಗಿಹಿಡಿದು ನೋಡಿದರು. ಮುಳ್ಳು ತುಯ್ದಾಡಿ, ಯೋಚಿಸಿ, ಕೊನೆಗೆ ಎದುರು ಸಾಲಿನ ಕಾಟಮ್ಮನ ಮನೆಯ ಕಡೆ ತಿರುಗಿ ನಿಂತಿತು.

ಶಂಕರಮ್ಮ ಬೆಚ್ಚಿಬಿದ್ದಳು. ನಾಲ್ಕು ವರ್ಷದ ಹಿಂದೆ ಕಾಟಮ್ಮನ ಎಮ್ಮೆ ಬಂದು ಶಂಕರಮ್ಮ ಒಣಹಾಕಿದ್ದ ಸಂಡಿಗೆಯನ್ನೆಲ್ಲ ತಿಂದುಹೋಗಿತ್ತು. ಅಂದಿನಿಂದ ಎರಡೂ ಮನೆಗೆ ಮಾತಿಲ್ಲ.

"ಅದು ಉತ್ತರಾನಾ? ದಿನಾ ಹೊತ್ತು ಹುಟ್ಟೋದು ಕಾಟಮ್ಮನ ಮನೆ ಹಿಂದೆ ಕಣ್ರೀ!"

"ಕಣ್ಣು ಮೋಸ ಮಾಡ್ತದೆ ಶಂಕರಿ. ಯಂತ್ರ ಮಾಡಲ್ಲ."

"ಹಂಗಾದ್ರೆ ಸೂರ್ಯನೇ ತಪ್ಪು ಕಡೆ ಹುಟ್ಟಾಕೆ ಹತ್ಯಾನಾ?"

"ಅದು ದೊಡ್ಡ ವಿಷಯ. ನಿಂಗೆ ತಿಳಿಯಾಕಿಲ್ಲ" ಎಂದು ಮೇಷ್ಟ್ರು ಟ್ರಂಕನ್ನು ತಲೆಯ ಮೇಲೆ ಹೊತ್ತು, ದಂಡಯಾತ್ರೆಗೆ ಹೊರಟ ಚಕ್ರವರ್ತಿಯ ಗತ್ತಿನಲ್ಲಿ ಬೀದಿ ದಾಟಿಯೇಬಿಟ್ಟರು!

ಕಾಟಮ್ಮನಿಗೆ ಹಿಗ್ಗೋ ಹಿಗ್ಗು. ಶತ್ರುವಿನ ಗಂಡ ತಾನಾಗಿಯೇ ಶರಣಾಗತನಾಗಿ ಬಂದಿದ್ದಾನೆ! "ಬರ್ರಿ ಮೇಷ್ಟ್ರೇ, ನಮ್ಮನೇನೂ ದಿಲ್ಲಿ ದಾರಿಯಾಗೆ ಐತೆ ಅಂತ ಇವತ್ತು ಗೊತ್ತಾತು" ಎಂದು ಸಂಭ್ರಮಿಸಿದಳು.

ಮಧ್ಯಾಹ್ನ ಪೇಪರು ಓದಬೇಕೆನಿಸಿತು. ಕನ್ನಡಕ ಟ್ರಂಕಿನಲ್ಲಿ. ಟ್ರಂಕನ್ನು ಮನೆಗೆ ತರುವಂತಿಲ್ಲ. ಮೇಷ್ಟ್ರು ಪೇಪರು ಹಿಡಿದು ಕಾಟಮ್ಮನ ಜಗುಲಿಗೆ ಹೋಗಿ ಓದಿದರು. ಮರುದಿನ ಗಡ್ಡ ಕೆರೆಯಿತು. ಅಲ್ಲೇ ಕನ್ನಡಿ ಇಟ್ಟುಕೊಂಡು ಕ್ಷೌರ ಮಾಡಿಕೊಂಡರು. ಕಾಟಮ್ಮ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟಳು. ಅದನ್ನೂ ತಿಂದರು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು, "ಮೇಷ್ಟ್ರೇ, ದಿಲ್ಲಿ ಹೆಂಗೈತೆ?" ಎಂದು ಜಗುಲಿಯ ಮುಂದೆಯೇ ವಿಚಾರಿಸಿಕೊಂಡು ಹೋದರು. ಶಂಕರಮ್ಮ ತನ್ನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಮೆಣಸಿನಕಾಯಿ ತಿಂದವರು ಮೇಷ್ಟ್ರು, ಉರಿ ಹತ್ತಿದ್ದು ಶಂಕರಮ್ಮನಿಗೆ!

ಬುಧವಾರ ಬೆಳಗ್ಗೆ ಎಂಟಕ್ಕೆ ಹನುಮಂತಪ್ಪ ಬಂದಿಳಿದ. ಮೇಷ್ಟ್ರು ಸ್ನಾನ ಮುಗಿಸಿ, ಹರಕು ಬನಿಯನ್ನು, ಮಾಸಿದ ಪಂಚೆಯಲ್ಲಿ, ಬಟ್ಟೆ ಹಾಕಿಕೊಳ್ಳಲು ಕಾಟಮ್ಮನ ಮನೆಗೆ ಓಡಿದರು. ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ!

"ಶಂಕರೀ! ಕಾಟಮ್ಮ ಎಲ್ಲಿ?"

"ಉಬ್ರಾಣಿಗೆ ಹೋದ್ಳು. ಮಗಳ ಹೆರಿಗೆಯಂತೆ."

"ನಿಂಗೆ ಗೊತ್ತಿತ್ತಾ?"

"ನಿನ್ನೆ ಸಂಜೆ ನಮ್ಮ ಗೋಡೆ ಹತ್ರ ನಿಂತು, 'ಬೆಳಗ್ಗೆ ಊರಿಗೆ ಹೋಗ್ತೀನಿ, ಟ್ರಂಕು ಬೇಕಾದೋರು ಈಗ್ಲೇ ತಗೊಳ್ಳಿ' ಅಂದ್ಳು."

"ನಂಗ್ಯಾಕೆ ಹೇಳ್ಲಿಲ್ಲ?"

"ಅವಳು ಗೋಡೆಗೆ ಹೇಳಿದ್ದು. ನಂಗೇನು ಹೇಳ್ಲಿಲ್ಲ. ಗೋಡೆಗೆ ಹೇಳಿದ್ದನ್ನ ನಾನ್ಯಾಕೆ ಕೇಳಿಸ್ಕಳ್ಳಲಿ?"

ಹರಕು ಬನಿಯನ್ನಿನಲ್ಲಿ ರಾಜಧಾನಿಗೆ ಹೋಗುವುದೇ? ಮೇಷ್ಟ್ರು ಹಿಂದೆಮುಂದೆ ನೋಡದೆ ಏಣಿ ಹಾಕಿ ಕಾಟಮ್ಮನ ಸೂರು ಹತ್ತಿದರು. ನಾಲ್ಕು ಹೆಂಚು ತೆಗೆದರು. ಜಂತಿ ಹಿಡಿದು ಜೋತಾಡಿ, ಶಿವನನ್ನು ನೆನೆದು, ಕೈಬಿಟ್ಟರು. ಧಡಾರ್! ಸೀದಾ ಟ್ರಂಕಿನ ಮೇಲೇ ಬಿದ್ದರು. ಬೇಗ ಬೇಗ ಕೋಟು ತೊಟ್ಟು, ರುಮಾಲು ಸುತ್ತಿ, ಹೊಸ ಜೋಡು ಮೆಟ್ಟಿ, ಟ್ರಂಕು ಎತ್ತಿಕೊಂಡು ಗಂಭೀರವಾಗಿ ಬಾಗಿಲಿಗೆ ಬಂದರು. ಬಾಗಿಲಿಗೆ ಹೊರಗಡೆಯಿಂದ ಬೀಗ! ಸೂರು ನೋಡಿದರು. ಕೈಗೆ ಎಟುಕದಷ್ಟು ಎತ್ತರ. ಟ್ರಂಕಿನ ಮೇಲೆ ನಿಂತರೂ ಎಟುಕಲಿಲ್ಲ.

ಕಿಟಕಿಯ ಸರಳು ಹಿಡಿದು ಕೂಗಿಕೊಂಡರು. ಅರ್ಧ ಬೀದಿಯೇ ಸೇರಿತು. ಹನುಮಂತಪ್ಪ ಕಿಟಕಿಗೆ ಬಂದ.

"ಅಲ್ಲ ಭಾವ, ಪೂರ್ವದ ಮನೆಯಾಗೆ ಯಾಕೆ ಪ್ರಸ್ಥಾನ ಇಟ್ರಿ?"

"ಪೂರ್ವ ಅಲ್ಲ, ಉತ್ತರ! ದಿಕ್ಸೂಚಿ ಇಟ್ಟು ನೋಡೀನಿ!"

"ಎಲ್ಲಿಟ್ಟು ನೋಡಿದ್ರಿ?"

"ಟ್ರಂಕಿನ ಮ್ಯಾಲೆ."

"ಕಬ್ಬಿಣದ ಟ್ರಂಕಿನ ಮ್ಯಾಲಾ?"

ಮೇಷ್ಟ್ರು ತಿರುಗಿ ಟ್ರಂಕನ್ನು ನೋಡಿದರು. ಕಬ್ಬಿಣದ ಹತ್ತಿರ ದಿಕ್ಸೂಚಿ ಇಡಬಾರದೆಂದು ಇಪ್ಪತ್ತೆರಡು ವರ್ಷ ಹುಡುಗರ ಕಿವಿ ಹಿಂಡಿ ಕಲಿಸಿದವರು ಅವರೇ! ಗುಂಪಿನಲ್ಲಿದ್ದ ಅಯ್ಯನವರು ಲೊಚಗುಟ್ಟಿದರು. "ಸೋಮವಾರ ಪೂರ್ವಕ್ಕೇ ಶೂಲ. ಹುಡುಕಿಕೊಂಡು ಹೋಗಿ ಅದರ ಮ್ಯಾಲೇ ಕೂತೀರಲ್ಲ ಮೇಷ್ಟ್ರೇ!"

ಅಷ್ಟರಲ್ಲಿ ಮೋಟಾರು ಬಂದು ಹಾರನ್ನು ಬಾರಿಸತೊಡಗಿತು. ಇನ್ನು ಐದು ನಿಮಿಷವೂ ನಿಲ್ಲುವುದಿಲ್ಲವೆಂದು ಡ್ರೈವರು ಪಾಪಣ್ಣ ಅಬ್ಬರಿಸಿದ. ಏಣಿ ಹತ್ತಿ ಹಗ್ಗ ಬಿಡಲು ಹೋದವರಿಗೆ ಹಗ್ಗ ಸಿಕ್ಕಿರಲಿಲ್ಲ. ಮೇಷ್ಟ್ರಿಗೆ ಅಳುವೇ ಬಂತು. ಕಣ್ಣೆದುರಿಗೆ ದಿಲ್ಲಿ ಜಾರಿಹೋಗುತ್ತಿತ್ತು.

"ಒಂದು ಟಿಕೀಟು ಹಾಳಾತಲ್ಲ ಅಕ್ಕ" ಎಂದು ಹನುಮಂತಪ್ಪ ಕೈ ಹಿಸುಕಿಕೊಂಡ.

ಶಂಕರಮ್ಮ ತಟಕ್ಕನೆ ತಿರುಗಿ ನಾಗೇಂದ್ರಪ್ಪನ ಮನೆಗೆ ಹೋದಳು. ಹೊರಗೆ ಬಂದಾಗ ಕಂಕುಳಲ್ಲಿ ಒಂದು ಗಂಟು.

"ಅದೇನೇ ಅದು?" ಎಂದರು ಮೇಷ್ಟ್ರು ಸರಳಿನ ಸಂದಿಯಿಂದ.

ಉತ್ತರ ಕೊಟ್ಟವನು ನಾಗೇಂದ್ರಪ್ಪ. "ಸೋಮವಾರವೇ ನಮ್ಮನೇಲಿ ಇಟ್ಟಿದ್ರು ಮೇಷ್ಟ್ರೇ. ಅಯ್ನೋರು ಹೇಳಿದ ಮನೆ ಅಲ್ವಾ?"

ಶಂಕರಮ್ಮ ಕಿಟಕಿಯ ಹತ್ತಿರ ಬಂದಳು. ಕಣ್ಣು ತುಂಬಿತ್ತು. "ಎರಡು ಸೀರೆ ಅಷ್ಟೇ ಕಣ್ರೀ. ನಾನಂತೂ ಹೋಗಾಕಾಗಲ್ಲ, ಸೀರೆಯಾದ್ರೂ ಹೊರಟಂಗಾಗ್ಲಿ ಅಂತ ಇಟ್ಟಿದ್ದೆ. ಭಾಳ ಆಸೆ ಇತ್ರೀ."

ಮೇಷ್ಟ್ರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಕೊನೆಗೆ, "ಹುಷಾರಾಗಿ ಹೋಗಿ ಬಾ" ಎಂಬ ಮೂರು ಮಾತು ಹೇಗೋ ಹೊರಬಿದ್ದವು.

"ಹಿಟ್ಟು ಡಬ್ಬಿಯಾಗೈತೆ, ಉಪ್ಪಿನಕಾಯಿ ಭರಣಿಯಾಗೈತೆ!" ಎನ್ನುತ್ತ ಅವಳು ಓಡಿದಳು. ಮೋಟಾರು ಧೂಳೆಬ್ಬಿಸಿಕೊಂಡು ಹೊರಟೇಹೋಯಿತು. ಸುತ್ತಿದ ರುಮಾಲು, ಹೊಸ ಜೋಡು ಸಮೇತ ಮೇಷ್ಟ್ರನ್ನು ಹಗ್ಗ ಕಟ್ಟಿ ಸೂರಿನಿಂದ ಎಳೆದದ್ದು ಹತ್ತೂವರೆಗೆ.

ಎರಡು ವಾರದ ಮೇಲೆ ಟಪಾಲಿನ ಜುಂಜಪ್ಪ ಬಾಗಿಲಿಗೆ ಬಂದ. "ಅಕ್ಕಾರ ಕಾರ್ಡು ಬಂದೈತೆ ಮೇಷ್ಟ್ರೇ. ನಾನಂತೂ ಓದಿಲ್ಲ. ಆದ್ರೆ ಕೋಟೆ ಭಾಳ ದೊಡ್ಡದಂತೆ, ಬಿಸಿಲು ನಮ್ಮ ಕಡೆಗಿಂತ ಜೋರಂತೆ, ಅಕ್ಕಾರು ಟಾಂಗಾದಾಗೆ ಕೂತು ಊರೆಲ್ಲ ತಿರುಗಿದ್ರಂತೆ!"

ಮೇಷ್ಟ್ರು ಕಾರ್ಡು ಕಸಿದುಕೊಂಡರು. ಬರೆದವನು ಹನುಮಂತಪ್ಪ, ಹೇಳಿ ಬರೆಸಿದವಳು ಶಂಕರಮ್ಮ. ಜುಂಜಪ್ಪ ಹೇಳಿದ್ದೆಲ್ಲ ಅದರಲ್ಲಿತ್ತು. ಅವನು ಹೇಳದೆ ಉಳಿಸಿದ್ದು ಕೊನೆಯ ಎರಡು ಸಾಲು ಮಾತ್ರ.

'ಬೇಜಾರು ಮಾಡ್ಕೋಬ್ಯಾಡ್ರಿ. ಬರೋ ವರ್ಷ ನಿಮ್ಮನ್ನೂ ಕರ್ಕಂಡು ಬರ್ತೀನಿ, ದಾರಿ ನಂಗೆ ಗೊತ್ತಾಗೈತೆ.'