ಬೀಗರಿಗೂ ಒಂದು ಏಟು

ಮುತ್ತವ್ವ: ಚಪ್ಪಲಿಲೆ ಹೊಡದ್ರಿ! ಶುಕ್ರವಾರ ದಿನಾ, ಅರಿಶಿನ-ಕುಂಕುಮ ಹಚ್ಚಿದ ಹೊಸ್ತಲಕ್ಕ, ಚಪ್ಪಲಿಲೆ ಹೊಡದ್ರಿ!

ಅಂದಾನೆಪ್ಪ: ಕೈಲೆ ಹೊಡದ್ರ ಸಪ್ಪಳಾ ಬರಂಗಿಲ್ಲ. ಸಪ್ಪಳಾ ಬರದಿದ್ರ ಕೂಸು ಸುಮ್ಮನಾಗಂಗಿಲ್ಲ.

ಮುತ್ತವ್ವ: ಲಕ್ಷ್ಮಿ ಕುಂದ್ರೂ ಜಾಗಾರಿ ಅದು!

ಅಂದಾನೆಪ್ಪ: ಕುಂದರ್ಲಿ, ಯಾರು ಬ್ಯಾಡ ಅಂದ್ರು? ಕೂಸು ಓಡಿ ಬರೂದು ಕಂಡಮ್ಯಾಲೆ ಒಂಚೂರು ಸರದು ಕುಂದ್ರಬೇಕಿಲ್ಲ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಗೋಣಿಚೀಲದ ಅಂಗಡಿ ಇಟ್ಟ ಅಂದಾನೆಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಇಷ್ಟು ವರ್ಷ ಆ ಸಿಟ್ಟಿಗೆ ಒಂದು ಗಟ್ಟಿ ಉದ್ಯೋಗ ಅಂತ ಇರಲಿಲ್ಲ. ಮೊಮ್ಮಗಳು ಮಧು ನಡೆಯಲು ಕಲಿತಳು, ಉದ್ಯೋಗ ಸಿಕ್ಕಿತು. ಕೂಸು ಎಡವಿ ಬಿದ್ದರೆ, ಬಿದ್ದ ನೆಲಕ್ಕೆ ಒಂದೇಟು ಹಾಕಿ 'ಹೊಡದೆ ನೋಡು, ಅಳಬ್ಯಾಡ' ಎಂದು ಸಮಾಧಾನ ಮಾಡುವುದು ಎಲ್ಲರ ಮನೆಯ ರೂಢಿ. ಬೇರೆಯವರು ಆಟಕ್ಕೆ ಹೊಡೆಯುತ್ತಾರೆ. ಅಂದಾನೆಪ್ಪ ಮನಸ್ಸಿಟ್ಟು ಹೊಡೆಯುತ್ತಿದ್ದ.

ಎರಡು ವರ್ಷ ಇನ್ನೂ ತುಂಬದ ಮಧು ಅಜ್ಜನ ಧೋತರದ ಚುಂಗು ಹಿಡಿದು ನಿಂತಿದ್ದಳು. ಕೆನ್ನೆಯ ಮೇಲಿನ ಕಣ್ಣೀರು ಆರಿರಲಿಲ್ಲ. ಏಟು ತಿಂದ ಹೊಸ್ತಿಲನ್ನು ಗೆದ್ದವಳ ಹಾಗೆ ನೋಡಿ ನಗುತ್ತಿದ್ದಳು.

ಮುತ್ತವ್ವ: ನಿನ್ನೆ ಕುರ್ಚಿ ಕಾಲು ಮುರದ್ರಿ.

ಅಂದಾನೆಪ್ಪ: ಅದು ಎರಡನೇ ಸಲ ತಪ್ಪು ಮಾಡಿತ್ತು.

ಮುತ್ತವ್ವ: ಮೊನ್ನೆ ಆ ಕುಂಬಳಕಾಯಿ?

ಅಂದಾನೆಪ್ಪ: ಕೂಸಿನ ಕಾಲಮ್ಯಾಲೆ ಉರಳಿ ಬಂದಿತ್ತು.

ಮುತ್ತವ್ವ: ಅದನ್ನ ನೆಲಕ್ಕ ಅಪ್ಪಳಿಸಿ ಒಡದ್ರಿ, ಎರಡ ದಿನಾ ಎಲ್ಲಾರೂ ಕುಂಬಳಕಾಯಿ ಪಲ್ಲೆ ತಿಂದ್ವಿ. ಶಿಕ್ಷಾ ಆಗಿದ್ದು ಯಾರಿಗೆ?

ಅಂದಾನೆಪ್ಪ: ಏ, ನೀ ಸುಮ್ನಿರ. ಈ ಜಗತ್ತಿನ್ಯಾಗ ತಪ್ಪು ಮಾಡಿದ್ರ ಏಟು ಬೀಳತೈತಿ ಅನ್ನೂದು ಕೂಸಿಗೆ ತಿಳೀಬೇಕು.

ಮುತ್ತವ್ವ: ತಿಳದೈತ್ರಿ. ಹಾಲಿನ ಸುರೇಖಾ ಬಂದಾಕಿ 'ನಗು ತಂಗಿ' ಅಂದ್ರ, ಅಕಿ ಕಪಾಳಕ್ಕ ಹೊಡೀತು.

ಅಂದಾನೆಪ್ಪ: ಹಾಲಿಗೆ ನೀರು ಹಾಕತಾಳ ಅಕಿ. ಕೂಸಿಗೆ ಗೊತ್ತಾಗೇತಿ!

ಗಂಡ-ಹೆಂಡಿರ ಮಾತು ಹಾಲಿನಿಂದ ಎಲ್ಲಿಗೆ ಹೋಗುತ್ತಿತ್ತೋ, ಅಷ್ಟರಲ್ಲಿ ಸೊಸೆ ಸುನಿತಾ ಬಾಗಿಲಿಂದ ಕೂಗಿದಳು.

ಸುನಿತಾ: ಮಾವಾರ, ಅಪ್ಪಾ ಬಂದಾರ.

ಅಂದಾನೆಪ್ಪ ಚಪ್ಪಲಿ ಕೆಳಗಿಟ್ಟ. ಹೊಸರಿತ್ತಿಯ ಬೀಗರು ಯಾಕೆ ಬಂದಿದ್ದಾರೆ ಎಂಬುದು ಗೊತ್ತಿದ್ದದ್ದೇ. ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗಿ ಒಂದು ತಿಂಗಳು ಇಟ್ಟುಕೊಳ್ಳುತ್ತೇವೆಂದು ಮೊದಲೇ ಫೋನಿನಲ್ಲಿ ಹೇಳಿದ್ದರು. ಬಿಳಿ ಖಾದಿ ಅಂಗಿ, ಬಿಳಿ ಮೀಸೆ, ಇರುವೆ ಕಚ್ಚಿದರೂ 'ಇರ್ಲಿ ಬಿಡು' ಎನ್ನುವ ಸ್ವಭಾವ. ಚಿಕ್ಕಂದಿನಲ್ಲಿ ತಮ್ಮೂರ ಆಶ್ರಮದ ಶಾಲೆಯಲ್ಲಿ ಕಲಿತವರು. ಯಾರ ಮೇಲೂ ಕೈ ಎತ್ತಿದವರಲ್ಲ. ಅಂದಾನೆಪ್ಪನಿಗೆ ಅವರ ಮೇಲೆ ಸಿಟ್ಟು ಬರಲು ಇದೊಂದೇ ಸಾಕಾಗಿತ್ತು.

ಬೀಗರು: ಶರಣ್ರಿ ಬೀಗರ.

ಅಂದಾನೆಪ್ಪ: ಶರಣ್ರಿ. ಬರ್ರಿ, ಕುಂದ್ರಿ.

ಬೀಗರು ಚಾಪೆಯ ಮೇಲೆ ಕುಳಿತು, ಕಾಲು ಚಾಚಿ, ಒಂದರ ಹಿಂದೊಂದು ಸೀನಿದರು.

ಬೀಗರು: ನಿಮ್ಮೂರಾಗ ಉಸರಾಡಿದ್ರ ಸಾಕ್ರಿ, ಮೂಗಿನಾಗ ಒಗ್ಗರಣಿ ಕೊಟ್ಟಂಗ ಆಗತೈತಿ.

ಅಂದಾನೆಪ್ಪ: ಅದಕ್ಕ ನಮ್ಮ ಕೂಸು ಗಟ್ಟಿ ಐತಿ. ನಿಮ್ಮೂರ ತಂಪು ಹವಾ ಅದಕ್ಕ ಆಗಿಬರಂಗಿಲ್ಲ.

ಬೀಗರು: ಒಂದ ತಿಂಗಳ ಇರ್ಲಿ ಬಿಡ್ರಿ, ರೂಢಿ ಆಗತೈತಿ. ಅವರಜ್ಜಿ ದಾರಿ ಕಾಯಾಕತ್ತಾಳ.

ಅಂದಾನೆಪ್ಪ: ಅಲ್ಲಿ ಸೊಳ್ಳಿ ಭಾಳ.

ಬೀಗರು: ಸೊಳ್ಳಿ ಇಲ್ಲೂ ಅದಾವಲ್ರಿ.

ಅಂದಾನೆಪ್ಪ: ಇಲ್ಲೀವು ಗುರ್ತಿನವು.

ಸುನಿತಾ ಸೆರಗು ಬಾಯಿಗೆ ಹಿಡಿದು ನಕ್ಕಳು.

ಅಂದಾನೆಪ್ಪ: ಮತ್ತ ನೀರು? ನೀರು ಬದಲಾದ್ರ ಕೂಸಿಗೆ ನೆಗಡಿ ಆಗತೈತಿ.

ಸುನಿತಾ: ಆ ನೀರು ಕುಡದ ನಾ ಬೆಳದೇನ್ರಿ ಮಾವಾರ.

'ಬೆಳೆದದ್ದು ಕಾಣಾಕತ್ತೈತಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮುತ್ತವ್ವ ಕಣ್ಣು ಬಿಟ್ಟಳು, ನುಂಗಿಕೊಂಡ.

ಮುತ್ತವ್ವ: 'ಕೂಸಿನ್ನ ಬಿಟ್ಟಿರಾಕ ಆಗಂಗಿಲ್ಲ' ಅಂತ ಒಂದ ಮಾತು ಹೇಳಿಬಿಡ್ರಿ. ಸೊಳ್ಳಿ, ನೀರು ಎಲ್ಲಾ ಯಾಕ ನಡುವ ತರತೀರಿ?

ಅಂದಾನೆಪ್ಪ: ಯಾರಿಗೆ? ನನಗ? ಸೀಜನ್ನಿನ್ಯಾಗ ಕೆರಕೊಳ್ಳಾಕ ಪುರಸೊತ್ತಿಲ್ಲ ನನಗ!

ಬಾಯಿ ಹೀಗೆ ಹೇಳಿತು. ಖರೇ ಸಂಗತಿ ಬೇರೆ. ಬೆಳಗಾದರೆ ಮಧು ಅಜ್ಜನ ಚಷ್ಮಾ ಒಯ್ದು ಹಿಟ್ಟಿನ ಡಬ್ಬಿಯಲ್ಲಿ ಹಾಕುತ್ತಾಳೆ; ಅದನ್ನು ಹುಡುಕುವುದರಲ್ಲಿ ಅರ್ಧ ತಾಸು ಸುಖವಾಗಿ ಹೋಗುತ್ತದೆ. ಆಮೇಲೆ ಒಂದೊಂದೇ ಮಂಡಕ್ಕಿ ಅವನ ಬಾಯಿಗೆ ಇಡುತ್ತಾಳೆ, ಅವನು ನುಂಗುವುದರೊಳಗೆ ಮನಸ್ಸು ಬದಲಾಯಿಸಿ ಬಾಯಿಯೊಳಗೆ ಬೆರಳು ಹಾಕಿ ವಾಪಸು ತೆಗೆಯುತ್ತಾಳೆ. ಅಂಗಡಿಗೆ ಹೋದವನು ಎಲೆ-ಅಡಿಕೆ ಮರೆತೆನೆಂದು ಒಮ್ಮೆ, ಕೊಡೆ ಮರೆತೆನೆಂದು ಒಮ್ಮೆ ಮನೆಗೆ ಬರುತ್ತಾನೆ. ಮಳೆಗಾಲ ಮುಗಿದು ಎಷ್ಟೋ ದಿನವಾಗಿತ್ತು. ಒಂದು ತಿಂಗಳು ಈ ಮನೆಯಲ್ಲಿ ಕೂಸಿಲ್ಲ ಎಂದರೆ ಅವನು ಯಾವುದಕ್ಕೆ ಮರೆಯಬೇಕು, ಯಾವುದಕ್ಕೆ ಮನೆಗೆ ಬರಬೇಕು? ಇದನ್ನು ಬೀಗರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಮೀಸೆ ಬೋಳಿಸಿಕೊಳ್ಳುವುದು ಮೇಲು.

ಬೀಗರು: ಹಂಗಾರ ನೀವೂ ಬರ್ರಿ.

ಅಂದಾನೆಪ್ಪ: ನಿಮ್ಮ ಮನಿಗೆ? ಬರಂಗಿಲ್ಲ. ಮದುವಿ ದಿನಾ ಆಣಿ ಮಾಡೇನಿ.

ಮುತ್ತವ್ವ: ಬಂತು ನೋಡ್ರಿ ತುಪ್ಪಾ.

ಅಂದಾನೆಪ್ಪ: ಬರಬೇಕಾದಾಗ ಬರಲಿಲ್ಲ, ಅದನ್ನ ಹೇಳಾಕತ್ತೇನಿ! ಪಂಕ್ತ್ಯಾಗ ಎಲ್ಲಾರಿಗೂ ಬಡಿಸಿಕೊಂತ ಬಂದ ತುಪ್ಪದ ಸೌಟು ನನ್ನ ಎಲಿ ಮುಂದ ಬಂದು ಒಣಗಿತು. ಹುಡುಗನ ಅಪ್ಪ ನಾನು! ಒಣಾ ಹೋಳಿಗಿ ತಿಂದೆ!

ಬೀಗರು: ಆವತ್ತಿಂದ ಹಬ್ಬಕ್ಕೊಂದು ಡಬ್ಬಿ ತುಪ್ಪಾ ಕಳಸೇನಲ್ರಿ ಬೀಗರ.

ಅಂದಾನೆಪ್ಪ: ತುಪ್ಪಾ ಬಂತು. ಪಂಕ್ತಿ ವಾಪಸ್ ಬಂತೇನು?

ಬೀಗರು ಕೈ ಮುಗಿದು 'ಇರ್ಲಿ ಬಿಡ್ರಿ' ಎಂದರು. ಅಂದಾನೆಪ್ಪನ ಬತ್ತಳಿಕೆಯಲ್ಲಿ ಇನ್ನೊಂದೇ ಬಾಣ ಉಳಿದಿತ್ತು.

ಅಂದಾನೆಪ್ಪ: ಹೋಗ್ಲಿ, ಕರಕೊಂಡು ಹೋಗ್ರಿ. ಅಲ್ಲಿ ಕೂಸು ಬಿದ್ರ ಹೊಡ್ಯಾವ್ರು ಯಾರು?

ಬೀಗರು: ಕೂಸಿಗ್ಯಾಕ ಹೊಡೀಬೇಕ್ರಿ!

ಅಂದಾನೆಪ್ಪ: ಕೂಸಿಗಲ್ರಿ! ಕೆಡವಿದ್ದಕ್ಕ! ನೆಲಾ, ಗ್ವಾಡಿ, ಬಾಗಲಾ.

ಬೀಗರು: ಅಯ್ಯ, ನಮ್ಮ ಮನ್ಯಾಗ ಆ ಪದ್ಧತಿ ಇಲ್ರಿ. 'ನಿನಗ ಬಡದಂಗ ನೆಲಕ್ಕೂ ನೋವಾಗೇತಿ, ಅದಕ್ಕೊಂದು ಮುತ್ತು ಕೊಡವ್ವಾ' ಅಂತೀವಿ. ಸುನಿತಾನ್ನ ಹಂಗ ಬೆಳಸೇವಿ.

ಅಂದಾನೆಪ್ಪ: ನೆಲಕ್ಕ ಮುತ್ತು! ಕೇಳಿದೇನ? ಬಾಯಾಗ ಮಣ್ಣು ಹೋಗೂದಿಲ್ಲೇನ್ರಿ?

ಇಬ್ಬರು ಹಿರಿಯರು ನ್ಯಾಯ ಮಾತಾಡುತ್ತಿರುವಾಗ ಮಧು ಅಜ್ಜನ ದೊಡ್ಡ ಚಪ್ಪಲಿ ಮೆಟ್ಟಿಕೊಂಡು, ಮುಷ್ಟಿ ತುಂಬ ಮಂಡಕ್ಕಿ ಹಿಡಿದು, ಸರದಾರನ ಹಾಗೆ ಬಂದಳು. ಬೀಗರು ಚಾಚಿದ ಕಾಲು ಚಾಪೆ ದಾಟಿ ಮುಂದಿತ್ತು. ಚಪ್ಪಲಿ ಕಾಲಿಗೆ ಸಿಕ್ಕಿತು. ಮಂಡಕ್ಕಿ ಮನೆ ತುಂಬ ಹಾರಿತು, ಕೂಸು ಬೋರಲಾಗಿ ಬಿತ್ತು. ಒಂದು ಕ್ಷಣ ಉಸಿರಿಲ್ಲ. ಆಮೇಲೆ ಬಂದ ಕಿರುಚಾಟಕ್ಕೆ ಓಣಿಯ ನಾಯಿ ಎದ್ದು ಕುಳಿತಿತು.

ಬೀಗರು: ಅಯ್ಯಯ್ಯ, ಬಾರವ್ವಾ ಬಾ. ನೆಲಕ್ಕ ಮುತ್ತು ಕೊಡು...

ಮಧು ನೆಲದ ಕಡೆ ನೋಡಲೂ ಇಲ್ಲ. ಅಪರಾಧಿ ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೀಗರ ಕಾಲಿಗೆ ಬೆರಳು ತೋರಿಸಿ ಅಜ್ಜನ ಕಡೆ ತಿರುಗಿದಳು.

ಮಧು: ಅಜ್ಜಾ... ಹೊದಿ!

ಅಂದಾನೆಪ್ಪ ಅಂಗೈ ನೋಡಿಕೊಂಡ. ಬೀಗರನ್ನು ಹೊಡೆದವರ ಸುದ್ದಿ ಅವನ ವಂಶದಲ್ಲಿ ಕೇಳಿಬಂದಿರಲಿಲ್ಲ.

ಅಂದಾನೆಪ್ಪ: ಅದು... ಮೀಸಿ ಅಜ್ಜ ಪುಟ್ಟಿ. ಬೀಗರು. ಹೊಡೀಬಾರದು.

ಮಧು: ಹೊದಿ!

ಅವನು ಬೀಗರ ತೊಡೆಯನ್ನು ಧೂಳು ಜಾಡಿಸಿದ ಹಾಗೆ ಮುಟ್ಟಿದ. ಅಳು ಎರಡು ಪಟ್ಟಾಯಿತು. ಮುತ್ತವ್ವ ಹಿಂದೆ ನಿಂತು ಚಪ್ಪಾಳೆ ತಟ್ಟಿ ಸಪ್ಪಳ ಹುಟ್ಟಿಸಿದಳು. ಕೂಸು ಅಳುತ್ತಲೇ ತಿರುಗಿ ಅಜ್ಜಿಯನ್ನು ಮೋಸಗಾತಿಯನ್ನು ನೋಡಿದ ಹಾಗೆ ನೋಡಿತು.

ಮುತ್ತವ್ವ: ಸಪ್ಪಳಾ ಬೇಕು ಅಂತ ಕಲಿಸಿದವ್ರು ಯಾರು? ಈಗ ಅನುಭೋಗಸ್ರಿ.

ಬೀಗರು: ಇರ್ಲಿ ಬಿಡ್ರಿ ಬೀಗರ, ಹೊಡೀರಿ. ಕೂಸು ಅತ್ತು ನೀಲಿ ಆಗಾಕತ್ತೈತಿ. ನನಗೇನೂ ಅನಸಂಗಿಲ್ಲ.

ಅಂದಾನೆಪ್ಪ: ಖರೇ ಅನಸಂಗಿಲ್ಲ?

ಬೀಗರು: ನನ್ನ ಕಾಲಿಂದು ತಪ್ಪು ಐತಿ. ಹೊಡೀರಿ.

ಅಂದಾನೆಪ್ಪ ಕೈ ಎತ್ತಿದ. ಎತ್ತಿದಾಗ ಕೂಸಿನ ಸಲುವಾಗಿಯೇ ಎತ್ತಿದ್ದ. ಆದರೆ ಇಳಿಯುವ ದಾರಿಯಲ್ಲಿ ಅದ್ಯಾಕೋ ಒಣ ಹೋಳಿಗೆ ಕಣ್ಣ ಮುಂದೆ ಬಂತು. 'ಫಟಾರ್' ಎಂದಿತು. ಗೋಡೆಯ ಮೇಲಿನ ಕಾಗೆ ಹಾರಿತು. ಮಧು ಅಳು ನಿಲ್ಲಿಸಿ, ಮೂಗು ಏರಿಸಿ, ಕಿಲಕಿಲ ನಕ್ಕಳು.

ಬೀಗರು ತೊಡೆ ಉಜ್ಜಿಕೊಂಡರು.

ಬೀಗರು: ಬೀಗರ, ಈ ಏಟಿನ್ಯಾಗ ಕೂಸಿನ ಪಾಲು ಎಷ್ಟು, ತುಪ್ಪದ ಪಾಲು ಎಷ್ಟು?

ಸುನಿತಾ: ಅಪ್ಪಾ, ಏಳು. ಒಂದ ತಿಂಗಳಲ್ಲ, ಎರಡ ತಿಂಗಳ ಇದ್ದು ಬರತೇನಿ. ಈ ಮನ್ಯಾಗ ಕೂಸು ರೌಡಿ ಆಗತೈತಿ!

ಅಂದಾನೆಪ್ಪನಿಗೆ ಹೊಡೆದ ಕೈಯೇ ಉರಿಯಿತು. ತಡೆಯಲು ಹೋಗಿ ತಾನೇ ಒಂದನ್ನು ಎರಡು ಮಾಡಿದ್ದ.

ಅಂದಾನೆಪ್ಪ: ಆತವಾ. ಇವತ್ತಿಂದ ನಾ ಯಾವದಕ್ಕೂ ಕೈ ಎತ್ತಂಗಿಲ್ಲ. ಮುಗೀತು. ಸೊಳ್ಳಿ ಕಚ್ಚಿದ್ರೂ 'ಇರ್ಲಿ ಬಿಡು' ಅಂತೇನಿ.

ಮುತ್ತವ್ವ: ಅಷ್ಟ ಪುಣ್ಯಾ ನಮಗೆಲ್ಲಿ ಬರಬೇಕು!

ಬಸ್ ನಿಲ್ದಾಣಕ್ಕೆ ಹೋಗಲು ರಮಜಾನನ ಆಟೋ ಬಂತು. ಗಂಟು-ಮೂಟೆ ಏರಿತು, ಸುನಿತಾ ಏರಿದಳು. ಮಧು 'ನಾ, ನಾ' ಎಂದು ತಾನೇ ಏರಲು ಹೋಗಿ, ಹಿಡಿದುಕೊಳ್ಳುವ ಕಬ್ಬಿಣದ ಸಳಿಗೆ ಹಣೆ ಬಡಿಸಿಕೊಂಡಳು. ಮತ್ತೆ ಅದೇ ಕಿರುಚಾಟ.

ಮಧು: ಅಜ್ಜಾ! ಹೊದಿ!

ಅಂದಾನೆಪ್ಪ ಕಟ್ಟೆಯ ಮೇಲೆ ಎರಡೂ ಕೈ ಬಗಲಲ್ಲಿ ಇಟ್ಟುಕೊಂಡು ಸಂತನ ಹಾಗೆ ನಿಂತಿದ್ದ.

ಬೀಗರು: ಅಳಬ್ಯಾಡವ್ವಾ, ನೋಡಿಲ್ಲೆ, ಸಳಿಗೂ ನೋವಾಗೇತಿ. ನಾ ಮುತ್ತು ಕೊಡತೇನಿ ನೋಡು.

ಕೊಟ್ಟರು. ಬಿಳಿ ಮೀಸೆಯ ಅರ್ಧ ಭಾಗ ಸಳಿಗೆ ಮೆತ್ತಿದ್ದ ಆಯಿಲ್‌ನಿಂದ ಕಪ್ಪಾಯಿತು. ಕೂಸು ಆ ಮೀಸೆ ನೋಡಿ ಇನ್ನಷ್ಟು ಹೆದರಿ ಅತ್ತಿತು. ಸುನಿತಾ ಅದೇ ಸಳಿಗೆ ಎರಡು ಏಟು ಹಾಕಿದಳು. ಮಧು ಅವ್ವನ ಕೈ ತಳ್ಳಿ ಅಜ್ಜನ ಕಡೆಗೇ ಬೆರಳು ಚಾಚಿದಳು.

ರಮಜಾನ: ಕಾಕಾ, ಲಗೂ ಏನರ ಮಾಡ್ರಿ. ಬಸ್ ಹೊಂಟು ನಿಂತೈತಿ.

ಅಂದಾನೆಪ್ಪ: ನಾ ಏನೂ ಮಾಡಂಗಿಲ್ಲಪಾ. ಅಹಿಂಸಾ.

ಸುನಿತಾ: ಮಾವಾರ, ಒಂದ ಹೊಡೀರಿ!

ಅಂದಾನೆಪ್ಪ: ಕೂಸು ರೌಡಿ ಆಗತೈತವಾ.

ಬೀಗರು: ಬೀಗರ, ಕೈ ಮುಗೀತೇನಿ. ಹೊಡೀರಿ!

ಯಾರ ಮೇಲೂ ಕೈ ಎತ್ತದ ಬೀಗರು ಅದೇ ಕೈ ಎತ್ತಿ ಮುಗಿದು 'ಹೊಡೀರಿ' ಎಂದು ಓಣಿಯೆಲ್ಲ ಕೇಳುವ ಹಾಗೆ ಬೇಡಿಕೊಂಡರು. ಅಂದಾನೆಪ್ಪ ಸಾವಕಾಶ ಕಟ್ಟೆ ಇಳಿದ.

ಅಂದಾನೆಪ್ಪ: ಎಷ್ಟು ಜೋರ ಹೊಡೀಲ್ರಿ?

ಬೀಗರು: ನಿಮಗ ತಿಳದಷ್ಟು!

ರಮಜಾನ: ಅವರಿಗೆ ತಿಳದಷ್ಟು ಬ್ಯಾಡ್ರಿ, ಗಾಡಿದು ಇನ್ನೂ ಕಂತು ಅದಾವು!

'ಢಣ್' ಎಂದಿತು. ಆಟೋ ಅಲುಗಿತು. ಮಧು ನಕ್ಕು ಅಜ್ಜನ ಕುತ್ತಿಗೆಗೆ ಜೋತುಬಿದ್ದಳು.

ರಮಜಾನ: ಇದು ಒಂದ ಸಳಿ ಆತು. ಬಸ್ಸಿನ್ಯಾಗ ತುಂಬ ಸಳಿನ ಅದಾವ್ರಿ. ಹಾವೇರಿತನಾ ಯಾರು ಹೊಡ್ಯಾವ್ರು? ಕಂಡಕ್ಟರಾ?

ಬೀಗರು ಕಪ್ಪು-ಬಿಳಿ ಮೀಸೆ ಒರೆಸಿಕೊಳ್ಳುತ್ತ ಮುಂದಿನ ದಾರಿಯನ್ನೆಲ್ಲ ಮನಸ್ಸಿನಲ್ಲೇ ನೋಡಿದರು. ತಮ್ಮ ಮನೆಯ ಕಂಬ, ಮೆಟ್ಟಿಲು, ಬೀಸುಕಲ್ಲು, ಕೊನೆಗೆ ತಮ್ಮದೇ ತೊಡೆ.

ಬೀಗರು: ಬೀಗರ, ನೀವೂ ಹತ್ರಿ. ನಿಮ್ಮ ಎಲಿಗೆ ತುಪ್ಪಾ ನನ್ನ ಕೈಲೇ ಬಡಸತೇನಿ, ನೀವು ಸಾಕು ಅನ್ನೂತನಾ.

ಅಂದಾನೆಪ್ಪನ ಆಣೆ ಒಳಗೇ ಕರಗಿ ಹರಿಯಿತು. ಆದರೆ ಮಾನ ಅಂತ ಒಂದಿದೆಯಲ್ಲ.

ಅಂದಾನೆಪ್ಪ: ಹೆಂಗ ಬರ್ಲ್ರಿ? ಅಂಗಡಿ ಐತಿ.

ಮುತ್ತವ್ವ: ಮಗಾ ಕೊಟ್ರೇಶ ಅದಾನ. ನೀವು ಇಲ್ಲಂದ್ರ ಗಿರಾಕಿ ಹೆದರಲಾರದ ಬರತಾರ.

ಅಂದಾನೆಪ್ಪ: ಬಟ್ಟಿ-ಬರಿ ಏನೂ ತಗೊಂಡಿಲ್ಲ...

ಮುತ್ತವ್ವ ಒಳಗೆ ಹೋದಳು. ಹೋದಷ್ಟೇ ಬೇಗ ಬಂದಳು. ಕೈಯಲ್ಲಿ ಹೊಟ್ಟೆ ತುಂಬಿದ ಕೈಚೀಲ. ಧೋತರ, ಅಂಗಿ, ಬಿ.ಪಿ. ಗುಳಿಗೆ, ಎಲೆ-ಅಡಿಕೆ, ಎಲ್ಲ ಅದರಲ್ಲಿತ್ತು.

ಅಂದಾನೆಪ್ಪ: ಇದನ್ನ ಯಾವಾಗ ತುಂಬಿದಿ?

ಮುತ್ತವ್ವ: ಬೀಗರು ಬರತೇನಂತ ಫೋನ್ ಮಾಡಿದ ದಿನಾನ.

ಅಂದಾನೆಪ್ಪ: ನಾ ಕೂಸಿನ್ನ ಬಿಟ್ಟಿರಂಗಿಲ್ಲ ಅಂತ ನಿನಗ ಹೆಂಗ ಗೊತ್ತಾತು?

ಮುತ್ತವ್ವ: ಅದು ಓಣಿಗೆಲ್ಲಾ ಗೊತ್ತೈತ್ರಿ. ನಾ ನಿಮ್ಮನ್ನ ಬಿಟ್ಟು ಆರಾಮ ಇರತೇನಿ ಅನ್ನೂದು ಯಾರಿಗೂ ಗೊತ್ತಿದ್ದಿಲ್ಲ. ರಮಜಾನ, ಏನ ನೋಡ್ತೀಯಪಾ, ಗಾಡಿ ಬಿಡು!