ನಿಯಮ ನಾಲ್ಕು: ಏಕವಚನ ಸಲ್ಲದು

ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಯಲಹಂಕದ ನಾಗಭೂಷಣರ ಮನೆಯ ಮೋಟರ್ ಗುಂಯ್ ಎಂದು ಓಡುತ್ತಲೇ ಇತ್ತು. ನೀರು ಮಾತ್ರ ಒಂದು ಹನಿಯೂ ಮೇಲಿನ ಟ್ಯಾಂಕಿಗೆ ಏರುತ್ತಿರಲಿಲ್ಲ. ನೆಲದಡಿಯ ಸಂಪಿನಲ್ಲಿ ಆಳುದ್ದ ನೀರಿತ್ತು. ಟ್ಯಾಂಕಿನ ತಳದಲ್ಲಿ ಉಳಿದಿದ್ದದ್ದು ನಾಲ್ಕೇ ಬಕೆಟ್. ಮಧ್ಯಾಹ್ನದ ಊಟಕ್ಕೆ ಹೆಂಡತಿಯ ಅಣ್ಣ ಚಿಕ್ಕಮಾರಯ್ಯ ತನ್ನ ಕಡೆಯ ಹದಿನಾಲ್ಕು ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಬರುವವನಿದ್ದ.

"ಪ್ಲಂಬರ್ ಬ್ಯಾಟರಾಯಪ್ಪಂಗೆ ಫೋನ್ ಮಾಡ್ರೀ" ಎಂದರು ಹೆಂಡತಿ ಮಂಜುಶ್ರೀ.

ನಾಗಭೂಷಣರ ಮೂಗಿನ ಹೊಳ್ಳೆ ಅರಳಿತು. "ಈ ಮನೆಗೆ ಹದಿನೆಂಟು ವರ್ಷದಿಂದ ಪ್ಲಂಬರ್ ಬಂದಿಲ್ಲ ಅಂತ ನಿಮ್ಮಣ್ಣನ ಮುಂದೆ ಹೇಳಿದೀನಿ ಕಣೇ. ಅವನು ಬಂದಾಗ ಬ್ಯಾಟರಾಯಪ್ಪ ಸ್ಪ್ಯಾನರ್ ಹಿಡ್ಕೊಂಡು ಇಲ್ಲಿ ಕೂತಿದ್ರೆ, ಸಾಯೋವರೆಗೂ ಆಡ್ಕೋತಾನೆ."

"ಹಂಗಾದ್ರೆ ಹಗ್ಗ ಕಟ್ಟಿ ಸಂಪಿಂದ ಸೇದ್ಕೋತೀನಿ."

"ಅದಿನ್ನೂ ಚೆನ್ನಾಗಿರುತ್ತೆ! ಫೋಟೋ ತೆಗ್ದು ಊರಿಗೆಲ್ಲಾ ಕಳಿಸ್ತಾನೆ. ಸುಮ್ನಿರು. ನಮ್ಮ ಗುಂಪಿದೆ. ಹತ್ತು ನಿಮಿಷದಲ್ಲಿ ಉತ್ತರ ಬರುತ್ತೆ."

ಗುಂಪು ಎಂದರೆ 'ನಮ್ಮನೆ ರಿಪೇರಿ' ಎಂಬ ಆನ್‌ಲೈನ್ ವೇದಿಕೆ. ಕೆಟ್ಟ ಮಿಕ್ಸಿ, ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ಯಾವುದರ ಬಗ್ಗೆಯಾದರೂ ಕೇಳಬಹುದು, ಗೊತ್ತಿದ್ದವರು ಹೇಳುತ್ತಾರೆ. ಹದಿನೇಳು ಸಾವಿರ ಜನ. ನಾಗಭೂಷಣರು ಅಲ್ಲಿ ಆರು ವರ್ಷದ ಹಳೆಯ ಹುಲಿ. ಆದರೆ ಮೂರು ವಾರದ ಹಿಂದೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಯಾವನೋ ಅವರ ಫೋನು ಎಗರಿಸಿದ್ದ. ಪಾಸ್‌ವರ್ಡ್ ಅದರ ಜೊತೆಗೇ ಹೋಗಿತ್ತು. ಹೀಗಾಗಿ ಅಂದು ಬೆಳಗ್ಗೆ ಹೆಂಡತಿಯ ಫೋನಿನಲ್ಲಿ, ಹೆಂಡತಿಯ ಹೆಸರಿನಲ್ಲಿ, ಹೊಸ ಸದಸ್ಯರಾಗಿ ಒಳಗೆ ಹೋದರು.

'ಅರ್ಜೆಂಟ್. ಮೋಟರ್ ಓಡುತ್ತಿದೆ, ನೀರು ಬರುತ್ತಿಲ್ಲ. ದಯವಿಟ್ಟು ಯಾರಾದರೂ ಹೇಳಿ' ಎಂದು ಬರೆದು ಹಾಕಿದರು.

ಫೋನನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಉತ್ತರ ಬಂತು. ಬರೆದವರ ಹೆಸರು 'ಶಿಸ್ತು'.

'ನಿಮಗೆ ಅರ್ಜೆಂಟ್ ಇರಬಹುದು, ನಮಗಿಲ್ಲ. ಈ ಪ್ರಶ್ನೆಯನ್ನು ಈಗಾಗಲೇ ನೂರಾ ನಲವತ್ತು ಸಲ ಕೇಳಲಾಗಿದೆ. ಕಣ್ಣಿದ್ದರೆ ಹುಡುಕಿ ಓದಿ, ಆಮೇಲೆ ಕೇಳಿ.'

ನಾಗಭೂಷಣರು ಮತ್ತೊಮ್ಮೆ ಓದಿದರು. ಕಿವಿಯ ತುದಿ ಕೆಂಪಗಾಯಿತು. "ಏನ್ ಕೊಬ್ಬು ನೋಡೇ ಇವನಿಗೆ! ಕಣ್ಣಿದ್ದರೆ ಅಂತಾನೆ! ಒಬ್ಬ ಹೆಣ್ಣುಮಗಳು ಕೇಳ್ತಿದಾಳೆ ಅನ್ನೋ ಜ್ಞಾನ ಬೇಡ್ವಾ?"

"ಹೆಣ್ಣುಮಗಳು ಯಾರು?" ಎಂದರು ಮಂಜುಶ್ರೀ ಅಡುಗೆಮನೆಯಿಂದ.

"ನೀನೇ!"

ಶೀರ್ಷಿಕೆ ಬದಲಿಸಿ, ಅರ್ಜೆಂಟ್ ತೆಗೆದು, ನಮಸ್ಕಾರ ಸೇರಿಸಿ ಮತ್ತೆ ಹಾಕಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಶಿಸ್ತು ಹಾಜರು.

'ಫೋಟೋ ಎಲ್ಲಿ? ನಾವೇನು ಕಣಿ ಹೇಳುವವರೇ?'

ಫೋಟೋ ಹಾಕಿದರು.

'ಫೋಟೋ ಅಡ್ಡ ಬಿದ್ದಿದೆ. ಹದಿನೇಳು ಸಾವಿರ ಜನ ಕತ್ತು ತಿರುಗಿಸಿಕೊಂಡು ನೋಡಬೇಕೇ?'

ನಾಗಭೂಷಣರು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಮಗ್ಗನ್ನು ಒದ್ದರು. ಅದು ಕಾಂಪೌಂಡ್ ದಾಟಿ ಪಕ್ಕದ ಮನೆಯ ದಸ್ತಗೀರ್ ಸಾಹೇಬರ ಚಹಾದ ಲೋಟದ ಪಕ್ಕದಲ್ಲೇ ಬಿತ್ತು. ಗಾಜಿನ ಅಂಗಡಿಗೆ ರಜೆ ಹಾಕಿ ಬನಿಯನ್ನಿನಲ್ಲಿ ಕೂತಿದ್ದ ಸಾಹೇಬರು ಎದ್ದು ಬಂದರು. ಗದ್ದಲ ಕೇಳಿ ಎದುರುಮನೆಯ ಸೊಣ್ಣಮ್ಮನೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಅದೇನಪ್ಪಾ ಮೋಟ್ರು ಇಂಗ್ ಕೂಗ್ತೈತೆ, ಎತ್ತು ನರಳ್ದಂಗೆ?" ಎಂದರು ಸೊಣ್ಣಮ್ಮ. "ನಮ್ಮನೇದೂ ಒಂದ್ಸಲ ಇಂಗೇ ಆಗಿತ್ತು. ಒಂದು ಒದೆ ಕೊಟ್ಟೆ. ಸರಿಹೋಯ್ತು."

"ಒದಿಬೇಡಿ ನಾಗಣ್ಣ, ಮೋಟ್ರು ಒಳಗಿನ ಕಾಯಿಲ್ ಸುಟ್ಟಿರ್ತದೆ" ಎಂದರು ಸಾಹೇಬರು.

"ಸುಮ್ನಿರಿ ಇಬ್ರೂ! ಇಲ್ಲೊಬ್ಬ ನನ್ನ ರಕ್ತ ಕುಡೀತಿದಾನೆ!" ನಾಗಭೂಷಣರು ಫೋಟೋವನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿದರು.

'ಹೊರಗಿನ ಪೈಪ್ ನೋಡಿ ಒಳಗಿನ ಕಾಯಿಲೆ ಹೇಳಲು ನಾವು ದೇವರಲ್ಲ. ಬಿಚ್ಚಿ ತೋರಿಸಿ.'

"ಬಿಚ್ಚಬೇಕಂತೆ! ಬಿಚ್ತೀನಿ! ಎಲ್ಲಾ ಬಿಚ್ತೀನಿ!"

ಸಿಟ್ಟಿನಲ್ಲಿ ಮನುಷ್ಯನಿಗೆ ಎರಡು ಪೈಪುಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಮೋಟರಿನಿಂದ ಮೇಲಕ್ಕೆ ಹೋಗುವ ಪೈಪಿನ ಪಕ್ಕದಲ್ಲೇ ಟ್ಯಾಂಕಿನಿಂದ ಮನೆಗೆ ಇಳಿಯುವ ಪೈಪು ಇತ್ತು. ನಾಗಭೂಷಣರ ಸ್ಪ್ಯಾನರ್ ಅದಕ್ಕೇ ಬಿತ್ತು. ಮೂರನೇ ಸುತ್ತಿಗೆ ಜಾಯಿಂಟ್ ಕಳಚಿ, ಟ್ಯಾಂಕಿನಲ್ಲಿದ್ದ ಆ ನಾಲ್ಕು ಬಕೆಟ್ ನೀರು ಅವರ ಎದೆಗೆ, ಮುಖಕ್ಕೆ, ಬಾಯಿಗೆ ಹೊಡೆದು, ಅಂಗಳ ತೊಳೆದು, ಬೀದಿಗಿಳಿದು, ಸೊಣ್ಣಮ್ಮ ಆಗಷ್ಟೇ ಇಟ್ಟಿದ್ದ ರಂಗೋಲಿಯನ್ನು ಬಳಿದುಕೊಂಡು ಮೋರಿಗೆ ಹೋಯಿತು.

"ಬಂತಲ್ಲ ನೀರು" ಎಂದರು ದಸ್ತಗೀರ್ ಸಾಹೇಬರು.

"ನನ್ ರಂಗೋಲಿ!" ಎಂದರು ಸೊಣ್ಣಮ್ಮ.

"ಬೇಳೆ ಒಲೆ ಮೇಲಿದೆ, ನಲ್ಲೀಲಿ ನೀರು ನಿಂತೋಯ್ತು!" ಎಂದು ಒಳಗಿನಿಂದ ಮಂಜುಶ್ರೀ ಕೂಗಿದರು.

ನಾಗಭೂಷಣರು ತೊಯ್ದ ಪಂಚೆಯಲ್ಲೇ ಫೋನ್ ಎತ್ತಿಕೊಂಡರು. 'ಯಾವನಯ್ಯಾ ನೀನು? ಸಹಾಯ ಮಾಡೋ ಯೋಗ್ಯತೆ ಇಲ್ಲದಿದ್ರೆ ಬಾಯಿ ಮುಚ್ಕೊಂಡಿರು. ನಿನ್ನಂಥೋನಿಗೆ ಮನೇಲಿ ಒಂದು ಲೋಟ ನೀರೂ ಯಾರೂ ಕೊಡಲ್ಲ ಅನ್ಸುತ್ತೆ. ಎದುರಿಗೆ ಸಿಗು, ತೋರಿಸ್ತೀನಿ' ಎಂದು ಒತ್ತಿದರು.

ಅದೇ ಹೊತ್ತಿಗೆ, ಆ ಗುಂಪಿನಲ್ಲೂ ಮನುಷ್ಯರಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗಿ, ಆಯೇಷಾ ಎಂಬುವರ ಉತ್ತರ ತೆರೆಯ ಮೇಲೆ ಮೂಡಿತು. 'ಅಕ್ಕಾ, ಗಾಬರಿ ಆಗ್ಬೇಡಿ. ಇದು ತುಂಬಾ ಸುಲಭ. ಮೊದಲು ಮೋಟರ್ ಆಫ್ ಮಾಡಿ. ಆಮೇಲೆ ಪಂಪಿನ ತಲೆ ಮೇಲಿರೋ...'

ಅಷ್ಟೇ. ತೆರೆ ಬೆಳ್ಳಗಾಯಿತು. ನಡುವೆ ನಾಲ್ಕು ಸಾಲು.

'ನಿಯಮ ನಾಲ್ಕು: ಏಕವಚನ ಸಲ್ಲದು. ನೀವು ಅದನ್ನು ಮುರಿದಿದ್ದೀರಿ. ನಿಮ್ಮನ್ನು ಹೊರಗೆ ಹಾಕಲಾಗಿದೆ. ಸಂಸ್ಕಾರ ಕಲಿತು ಬನ್ನಿ. ಶಿಸ್ತು.'

"ತಲೆ ಮೇಲಿರೋ ಏನು? ಏನಮ್ಮಾ ತಲೆ ಮೇಲಿರೋದು?" ನಾಗಭೂಷಣರು ಫೋನನ್ನು ಮಾವಿನ ಕೊಂಬೆ ಅಲ್ಲಾಡಿಸುವ ಹಾಗೆ ಅಲ್ಲಾಡಿಸಿದರು. ಏನೂ ಉದುರಲಿಲ್ಲ. "ನನಗೆ ಸಂಸ್ಕಾರ ಕಲಿಸ್ತಾನಂತೆ! ನಾನಿದ್ದಾಗ ಆ ಗುಂಪು ಹೆಂಗಿತ್ತು ಗೊತ್ತಾ ಸಾಹೇಬ್ರೇ? ಒಬ್ರೂ ಕಮಕ್ ಕಿಮಕ್ ಅಂತಿರ್ಲಿಲ್ಲ. ಮೂರು ವಾರ ನಾನಿಲ್ಲ ಅನ್ನೋ ಅಷ್ಟರಲ್ಲಿ ಎಂಥೆಂಥ ಪುಂಡರು ಸೇರ್ಕೊಂಡಿದಾರೆ!"

"ಅರೇ, ಅದು ನಮ್ಮ ಫರ್ಹಾನ್ ನಡ್ಸೋದಲ್ವಾ?" ಎಂದರು ದಸ್ತಗೀರ್ ಸಾಹೇಬರು, ತೆರೆಯನ್ನು ಇಣುಕಿ. "ನನ್ನ ಹೆಂಡ್ತಿ ಮಲ್ಕಾಳ ಅಕ್ಕನ ಮಗ. ಇಲ್ಲೇ ತಣಿಸಂದ್ರದಲ್ಲವ್ನೆ."

"ಹತ್ತಿ ಗಾಡಿ!"

"ನಾಗಣ್ಣ, ಪಂಚೆ ಒದ್ದೆ..."

"ಹತ್ತಿ ಅಂದೆ!"

"ಅಣ್ಣ ಬರೋ ಹೊತ್ತಾಯ್ತು, ಎಲ್ಲಿಗ್ರೀ ಹೋಗ್ತಿದೀರಾ?" ಎಂದು ಮಂಜುಶ್ರೀ ಗೇಟಿನವರೆಗೆ ಓಡಿಬಂದರು. ಫೋನಾದರೂ ಕೊಟ್ಟುಹೋಗಿ ಎಂದು ಕೂಗಿದ್ದು ಸ್ಕೂಟರಿನ ಹೊಗೆಯಲ್ಲಿ ಕೇಳಿಸಲಿಲ್ಲ.

ಜಕ್ಕೂರು ದಾಟಿ ತಣಿಸಂದ್ರ ಮುಟ್ಟುವಷ್ಟರಲ್ಲಿ ಪಂಚೆ ಒಣಗಿತ್ತು, ಸಿಟ್ಟು ಒಣಗಿರಲಿಲ್ಲ. ದಾರಿಯುದ್ದಕ್ಕೂ ಶಿಸ್ತಿಗೆ ಏನೇನು ಹೇಳಬೇಕೆಂದು ಗಟ್ಟಿಯಾಗಿ ಅಭ್ಯಾಸ ಮಾಡಿದ್ದರು. ಒಂದು ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಅದು ತನಗೇ ಎಂದುಕೊಂಡು ಇಳಿದು ಬಂದದ್ದರಿಂದ ಐದು ನಿಮಿಷ ಹಾಳಾಯಿತು. ದಸ್ತಗೀರ್ ಸಾಹೇಬರು ಕೈಮುಗಿದು ಕಳಿಸಿದರು.

ಮೂರನೇ ಮಹಡಿ. ಬಾಗಿಲು ತೆರೆದವನು ಕನ್ನಡಕದ, ತಣ್ಣನೆಯ ದನಿಯ ಫರ್ಹಾನ್.

"ಆವೋ ಖಾಲೂ" ಎಂದು ಚಿಕ್ಕಮ್ಮನ ಗಂಡನನ್ನು ಒಳಗೆ ಕರೆದ. ನಾಗಭೂಷಣರನ್ನು ನೋಡಿ, "ಇವರು?"

ಸಾಹೇಬರು ಬಾಯಿ ತೆರೆಯುವ ಮೊದಲೇ ನಾಗಭೂಷಣರು ಸಿಡಿದರು. "ಯಾರ್ರೀ ಅವನು ಶಿಸ್ತು? ಅವನ ಅಡ್ರೆಸ್ ಕೊಡಿ. ನನ್ನ ಹೆಂಡತಿ ಮಂಜುಶ್ರೀಗೆ ಕಣ್ಣಿಲ್ಲ ಅಂತಾನೆ, ಸಂಸ್ಕಾರ ಇಲ್ಲ ಅಂತಾನೆ. ಅವನ ಮುಖ ನೋಡ್ಬೇಕು ನಾನು."

"ಓ, ಅದಾ!" ಫರ್ಹಾನ್ ನಕ್ಕ. "ಕೂತ್ಕೊಳಿ ಸಾರ್. ಅವನಿಗೆ ಮುಖ ಇಲ್ಲ."

"ಅಂದ್ರೆ?"

"ಶಿಸ್ತು ಅನ್ನೋದು ಮನುಷ್ಯ ಅಲ್ಲ. ಪ್ರೋಗ್ರಾಮ್. ಕಂಪ್ಯೂಟರ್ ತಾನೇ ಉತ್ತರ ಕೊಡುತ್ತೆ. ಹೋದ ವಾರ ಹಾಕಿದ್ವಿ."

ನಾಗಭೂಷಣರು ನಿಧಾನವಾಗಿ ಸೋಫಾದ ಮೇಲೆ ಕೂತರು. ಬೆಳಗಿನಿಂದ ಒಂದು ಯಂತ್ರದ ಜೊತೆ ಜಗಳಾಡಿದ್ದೇ? ಆದರೂ ಸಿಟ್ಟು ಹಿಡಿದ ದಾರಿಯನ್ನು ಬಿಡಲಿಲ್ಲ. "ಯಂತ್ರಕ್ಕೆ ಮರ್ಯಾದೆ ಕಲಿಸೋಕಾಗಲ್ವೇನ್ರೀ? ಯಾವ ಕಟುಕ ಅದಕ್ಕೆ ಮಾತು ಕಲಿಸಿದ್ದು?"

"ಅದು ಒಂದು ದುಃಖದ ಕತೆ ಸಾರ್." ಫರ್ಹಾನ್ ಕನ್ನಡಕ ತೆಗೆದು ಒರೆಸಿಕೊಂಡ. "ನಮ್ಮ ಗುಂಪಲ್ಲಿ ಒಬ್ಬರು ಹಿರಿಯರಿದ್ರು. ಆರು ವರ್ಷದಲ್ಲಿ ಐದು ಸಾವಿರ ಉತ್ತರ ಬರೆದಿದ್ರು. ಅದರಲ್ಲಿ ರಿಪೇರಿ ವಿಷಯ ಹನ್ನೆರಡು. ಉಳಿದದ್ದೆಲ್ಲಾ ಹೊಸಬರಿಗೆ ಬೈದಿದ್ದು. ಫೋಟೋ ಯಾಕೆ ಅಡ್ಡ, ಮೊದ್ಲು ಯಾಕೆ ಹುಡುಕಿಲ್ಲ, ಹಿಂಗೆ. ಜನ ಹೆದರ್ತಿದ್ರು, ಆದ್ರೆ ಒಂದು ಹಿಡಿತ ಇತ್ತು. ಮೂರು ವಾರದಿಂದ ಅವರು ಇದ್ದಕ್ಕಿದ್ದಂತೆ ಕಾಣಿಸ್ಲೇ ಇಲ್ಲ. ಒಂದು ದಿನಾನೂ ಬೈಯದೆ ಇರೋರಲ್ಲ ಅವರು. ಹಾಗಾಗಿ ತೀರ್ಕೊಂಡಿರ್ಬೇಕು ಅಂತ ತೀರ್ಮಾನಕ್ಕೆ ಬಂದ್ವಿ. ಅವರ ನೆನಪಿಗೆ ಅವರ ಉತ್ತರಗಳನ್ನೇ ತುಂಬಿ ಶಿಸ್ತು ಮಾಡಿದ್ವಿ. ನಾಗಭೂಷಣ ಅಂತ ಅವರ ಹೆಸರು."

ನಾಗಭೂಷಣರು ಹೆಂಡತಿಯ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದರು.

"ಶ್ರದ್ಧಾಂಜಲಿನೂ ಹಾಕಿದ್ವಿ ಸಾರ್" ಎಂದು ಫರ್ಹಾನ್ ಮುಂದುವರಿಸಿದ. "ನಾಲ್ಕು ಸಾವಿರದ ಮುನ್ನೂರು ಲೈಕ್! ನಮ್ಮ ಗುಂಪಲ್ಲಿ ಯಾವುದಕ್ಕೂ ಅಷ್ಟು ಬಂದಿಲ್ಲ. ಕೆಲವರು ಹಾರ್ಟ್ ಕೂಡ ಒತ್ತಿದ್ರು."

"ಅರೇ ಫರ್ಹಾನ್, ಇವ್ರೇ..." ಎಂದು ದಸ್ತಗೀರ್ ಸಾಹೇಬರು ಶುರುಮಾಡಿದರು. ನಾಗಭೂಷಣರ ಹಿಮ್ಮಡಿ ಅವರ ಹೆಬ್ಬೆರಳಿನ ಮೇಲೆ ಇಳಿಯಿತು. "...ಇವ್ರೇ ನಮ್ಮ ಪಕ್ಕದ ಮನೆಯವ್ರು" ಎಂದು ಸಾಹೇಬರು ನೋವು ನುಂಗಿಕೊಂಡು ಮುಗಿಸಿದರು.

"ಆ ಆಯೇಷಾ ಬರ್ದಿರೋ ಉತ್ತರ ಒಂದು ಓದ್ಬೇಕಿತ್ತು" ಎಂದರು ನಾಗಭೂಷಣರು.

"ಅದಕ್ಕೇನು ಸಾರ್, ಒಂದು ಕ್ಷಮಾಪಣೆ ಬರೆದ್ರೆ ಶಿಸ್ತೇ ಒಳಗೆ ಬಿಟ್ಕೊಳ್ಳುತ್ತೆ. ನಾನೂ ಅದರಲ್ಲಿ ಕೈ ಹಾಕಲ್ಲ. ಆ ಹಿರಿಯರದೇ ನಿಯಮ."

ಯಾರ ಕ್ಷಮೆ ಯಾರು ಕೇಳುವುದು? ಹಲ್ಲು ಕಚ್ಚಿ, ಒಂದೊಂದು ಅಕ್ಷರವನ್ನೂ ಗುದ್ದುವಂತೆ ಒತ್ತುತ್ತ ನಾಗಭೂಷಣರು ಬರೆದರು. 'ನನ್ನ ಮಾತಿಗೆ ವಿಷಾಧಿಸುತ್ತೇನೆ. ದಯವಿಟ್ಟು ಕ್ಷಮಿಸಿ. ಇನ್ನು ಮುಂದೆ ಶಿಸ್ಥಿನಿಂದ ಇರುತ್ತೇನೆ.' ಕಳಿಸಿ, ಬೆವರು ಒರೆಸಿಕೊಂಡರು.

ಅಷ್ಟರಲ್ಲಿ ಫೋನು ರಿಂಗಾಯಿತು. ಸೊಣ್ಣಮ್ಮನ ನಂಬರು, ಮಂಜುಶ್ರೀಯ ದನಿ. "ಎಲ್ಲಿದೀರ್ರೀ? ಅಣ್ಣ ಬಂದ. ಬಂದವನೇ ಪಂಪಿನ ತಲೆ ಮೇಲಿರೋ ಬಿರಡೆ ಬಿಚ್ಚಿ, ಸಂಪಿಂದ ಎರಡು ಚೊಂಬು ನೀರು ಸೇದಿ ಒಳಗೆ ಹುಯ್ದ. ನೀವು ಕಳಚಿದ್ದ ಪೈಪನ್ನೂ ಸೇರಿಸ್ದ. ಸ್ವಿಚ್ ಹಾಕಿದ್ರೆ ನೀರು ದಬದಬಾಂತ ಏರ್ತು. ಗಾಳಿ ಹಿಡ್ಕೊಂಡಿತ್ತಂತೆ, ಅಷ್ಟೇ. ಈಗ ಹದಿನಾಲ್ಕು ಜನಾನೂ ನಿಲ್ಲಿಸ್ಕೊಂಡು ನಿಮ್ಮ ಪಂಪ್ ತೋರಿಸ್ತಿದಾನೆ. ನಗು ಕೇಳಿಸ್ತಿದೆಯಾ?"

ಕೇಳಿಸುತ್ತಿತ್ತು. ದಸ್ತಗೀರ್ ಸಾಹೇಬರಿಗೂ ಕೇಳಿಸುತ್ತಿತ್ತು.

ನಾಗಭೂಷಣರು ಕರೆ ಮುಗಿಸಿ ಏಳಲು ಹೊರಟರು. ಅದು ಕೈಯಲ್ಲೇ ಟಿಂಗ್ ಎಂದಿತು. ಶಿಸ್ತಿನ ಉತ್ತರ.

'ಕ್ಷಮಾಪಣೆಯಲ್ಲಿ ಎರಡು ಕಾಗುಣಿತ ತಪ್ಪುಗಳಿವೆ. ತಾಯ್ನುಡಿ ನೆಟ್ಟಗೆ ಬರೆಯಲು ಬಾರದವರು ಮೋಟರ್ ಮುಟ್ಟುವುದೇಕೆ? ತಿದ್ದಿ ಮತ್ತೆ ಹಾಕಿ.'

ಅವರು ಕನ್ನಡಕ ಏರಿಸಿ, ತಾವು ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದಿದರು. ಎರಡೂ ತಪ್ಪು ನಿಜವಾಗಿಯೂ ಇದ್ದವು.