ಚಳಿಯ ಜೊತೆ ಮಾತು ಬಿಟ್ಟ ದೊಡ್ಡತ್ತೆ

ಗಂಡನ ಜೊತೆ ಮಾತು ಬಿಟ್ಟವರನ್ನು ನೋಡಿದ್ದೇನೆ. ವಾರಗಿತ್ತಿಯ ಜೊತೆ ಮಾತು ಬಿಟ್ಟವರಂತೂ ಬೀದಿಗೊಬ್ಬರು ಸಿಗುತ್ತಾರೆ. ಆದರೆ ಚಳಿಗಾಲದ ಜೊತೆಗೇ ಮಾತು ಬಿಟ್ಟವರು ಯಾರಾದರೂ ಇದ್ದರೆ ಅದು ನಮ್ಮ ದೊಡ್ಡತ್ತೆ ಒಬ್ಬರೇ!

ದೊಡ್ಡತ್ತೆ ಎಂದರೆ ನನ್ನ ಮಾವನವರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳೂ ಇಲ್ಲದೆ ತವರಿಗೆ ವಾಪಸು ಬಂದವರು. ತಾಯಿಯಿಲ್ಲದ ನಮ್ಮ ಯಜಮಾನರನ್ನು ಗದರಿ ಗದರಿಯೇ ಬೆಳೆಸಿದವರು. ಮಾವನವರು ತೀರಿಕೊಂಡ ಮೇಲೆ ಹೊಲ, ಹಟ್ಟಿ, ಎಮ್ಮೆ, ನಾವಿಬ್ಬರು, ಎಲ್ಲದರ ಮೇಲೂ ಅವರದೇ ಆಡಳಿತ. ಆ ಆಡಳಿತಕ್ಕೆ ಒಳಪಡದೆ ಉಳಿದಿದ್ದು ಚಳಿ ಒಂದೇ. ಅದಕ್ಕೇ ಅದನ್ನು ಕಂಡರೆ ಅವರಿಗೆ ಅಷ್ಟು ಸಿಟ್ಟು ಇತ್ತೋ ಏನೋ!

ಗುಂಡ್ಲುಪೇಟೆಯಿಂದ ಗಡಿಯ ಮದ್ದೂರಿನ ಕಡೆ ಹೋಗುವಾಗ ಕಾಡಿನ ಅಂಚಿಗೆ ನಮ್ಮೂರು. ದೀಪಾವಳಿ ಕಳೆಯುವುದನ್ನೇ ಕಾಯುತ್ತಿದ್ದಂತೆ ನೀಲಗಿರಿಯ ಕಡೆಯಿಂದ ಗಾಳಿ ಇಳಿದು ಬರುತ್ತಿತ್ತು. ಊರಿನ ಗಂಡಸರೆಲ್ಲ ತಲೆ ತುಂಬ ಕಂಬಳಿ ಹೊದ್ದು, ಕಾಲು ಬಂದ ಹುಲ್ಲಿನ ಮೆದೆಗಳ ಹಾಗೆ ಓಡಾಡುತ್ತಿದ್ದರು. ದೊಡ್ಡತ್ತೆ ಮಾತ್ರ ಒಂದೇ ಒಂದು ಸೀರೆಯಲ್ಲಿ! ಆ ಕಾಲದ ಹಳ್ಳಿಯ ಮುದುಕಿಯರು ಕುಪ್ಪಸ ತೊಡುತ್ತಿರಲಿಲ್ಲ. ಬೆಳಗಾಗೆದ್ದು ಬಾವಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡು, ಹೊಗೆಯಾಡುವ ಮೈಯಲ್ಲೇ ಹಟ್ಟಿಗೆ ಹೋಗಿ ಎಮ್ಮೆ ಕರೆಯಲು ಕೂರುತ್ತಿದ್ದರು. ಅವರ ಕೈ ತಾಗಿ ಎಮ್ಮೆಯೇ ಬೆಚ್ಚಿಬೀಳುತ್ತಿತ್ತು.

ನಾನು ಚಾಮರಾಜನಗರದ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಬರುವಾಗ ನಾನೇ ಹೆಣೆದ ಗುಲಾಬಿ ಬಣ್ಣದ ಸ್ವೆಟರನ್ನು ಹೆಮ್ಮೆಯಿಂದ ತೊಟ್ಟು ಬಂದಿದ್ದೆ. ದೊಡ್ಡತ್ತೆ ಅದನ್ನು ಎರಡು ಬೆರಳಲ್ಲಿ ಎಳೆದು ನೋಡಿದರು.

"ಇದೇನಮ್ಮಿ, ಕುರಿ ಮೈಮ್ಯಾಲಿರೋದು ನಿನ್ ಮೈಗ ಬಂದದ?"

"ಚಳಿ ಅತ್ತೆ" ಎಂದೆ ಮೆಲ್ಲಗೆ.

"ಕುರಿ ಪಾಪ, ಬಾಯ್ ಸತ್ತದ್ದು. ಚಳೀನ ಆಚಿಗ್ ಓಗು ಅನ್ನಾಕ ಅದುಕ್ಕ ಬರಾಕಿಲ್ಲ. ನಿಂಗ ಬಾಯದಲ್ಲ!"

ಅಲ್ಲಿಗೆ ಸ್ವೆಟರು ಪೆಟ್ಟಿಗೆ ಸೇರಿತು.

ಐವತ್ತರ ದಶಕದ ಮಾತು ಇದು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಪಂಚಾಯ್ತಿ ಕಟ್ಟೆಗೆ ಮಾತ್ರ ಬ್ಯಾಟರಿಯ ರೇಡಿಯೋ ಬಂದಿತ್ತು. ನಮ್ಮ ಯಜಮಾನರಿಗೆ ಅದರ ಹುಚ್ಚು. ಅದರಲ್ಲೂ ಹಾಡು, ಹರಿಕಥೆಗಿಂತ ಹವಾಮಾನ ವರದಿಯ ಹುಚ್ಚು! ಸಂಜೆ ಹೊಲದಿಂದ ಬಂದವರು ಕೈಕಾಲು ತೊಳೆದು ಕಟ್ಟೆಗೆ ಹೋಗುವರು. ತಿರುಗಿ ಬಂದು, ತಾವೇ ಕಳಿಸಿಕೊಟ್ಟ ಗಾಳಿಯೇನೋ ಎಂಬಂತೆ ಗಂಭೀರವಾಗಿ ಒಪ್ಪಿಸುವರು: "ನೀಲಗಿರಿ ತಪ್ಪಲಲ್ಲಿ ಶೀತಗಾಳಿ ಬೀಸುವ ಸಂಭವ. ಅಲ್ಲಲ್ಲಿ ಹಿಮ ಬೀಳುವ ಸಂಭವ."

ಒಂದು ಸಂಜೆ ದೊಡ್ಡತ್ತೆ ತಡೆಯಲಾರದೆ ತಾವೇ ಕಟ್ಟೆಗೆ ಹೊರಟರು. ತಮಾಷೆ ನೋಡೋಣವೆಂದು ಏಳು ತಿಂಗಳ ಬಸುರಿಯಾದ ನಾನೂ ಹಿಂದೆ ಹೋದೆ. ಅಲ್ಲಿ ಊರಿನ ದೊಡ್ಡ ಮನುಷ್ಯರೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ದೊಡ್ಡತ್ತೆ ಸೊಂಟದ ಮೇಲೆ ಕೈಯಿಟ್ಟು ರೇಡಿಯೋದ ಎದುರಿಗೇ ನಿಂತರು.

"ಸಂಭವ, ಸಂಭವ ಅಂತಾನಲ್ಲ, ಅಂಗಂದ್ರ ಏನ್ಲಾ?"

"ಬಂದ್ರೂ ಬರಬೋದು, ಬರದೇನೂ ಇರಬೋದು ಅತ್ತೆ" ಎಂದರು ನಮ್ಮ ಯಜಮಾನರು.

"ಇಷ್ಟ ಏಳಾಕ ಪೆಟ್ಗ ಬೇಕೇನ್ಲಾ? ಇದ ನಮ್ಮೆಮ್ಮೇನೂ ಏಳ್ತದ!" ಆಮೇಲೆ ಮಫ್ಲರುಗಳ ಕಡೆ ತಿರುಗಿ, "ಮಾತಾಡೋನು ಪೆಟ್ಗ ಒಳಗ ಬೆಚ್ಚಗ ಕುಂತವ್ನೆ. ಕೇಳೋರು ಕಿವಿ ಕಟ್ಕಂಡು ಕುಂತವ್ರೆ. ಇನ್ ಯಾರಿಗ್ಲಾ ತಿಳೀತು ಇದು?" ಎಂದರು.

ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು. ಆದರೆ ನಗು ನಿಂತ ಮೇಲೂ ಹೊಟ್ಟೆ ನೋವು ನಿಲ್ಲಲಿಲ್ಲ.

ಹೆರಿಗೆಗೆ ನನ್ನನ್ನು ಚಾಮರಾಜನಗರಕ್ಕೆ ಕರೆದೊಯ್ಯಲು ಅಪ್ಪ ಮುಂದಿನ ತಿಂಗಳು ಬರುವವರಿದ್ದರು. ಮಗುವಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮಾರನೆಯ ದಿನ ಮಧ್ಯಾಹ್ನ, ದಿನ ತುಂಬುವ ಮೊದಲೇ ಹುಟ್ಟಿಬಿಟ್ಟಿತು. ಹೆಣ್ಣು. ದೊಡ್ಡತ್ತೆಯ ಒಂದು ಅಂಗೈಯಲ್ಲಿ ಮಲಗುವಷ್ಟು ಇತ್ತು. ಅಳಲು ಬಾಯಿ ತೆರೆದರೆ ಬೆಕ್ಕಿನ ಮರಿಯಷ್ಟೂ ಸದ್ದು ಬರುತ್ತಿರಲಿಲ್ಲ.

ಮತ್ತು ರೇಡಿಯೋದವನ ಮಾತು ಆ ಸಲ ನಿಜವಾಗಿತ್ತು! ಹೆರಿಗೆಯ ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಹುಲ್ಲಿನ ಮೇಲೆಲ್ಲ ಉಪ್ಪು ಎರಚಿದ ಹಾಗೆ ಇಬ್ಬನಿ ಬಿಳಿಯಾಗಿ ಗಟ್ಟಿಯಾಗಿತ್ತಂತೆ. ಹಿತ್ತಲಿನ ಅವರೆಯ ಹೂವೆಲ್ಲ ಸುಟ್ಟಂತೆ ಕಪ್ಪಾಗಿತ್ತಂತೆ. ನಾನು ನೋಡಲಿಲ್ಲ. ಜ್ವರ ಬಂದು ಎರಡು ಕಂಬಳಿಯ ಕೆಳಗೆ ಗಡಗಡ ನಡುಗುತ್ತ ಬಿದ್ದಿದ್ದೆ. ಗುಂಡ್ಲುಪೇಟೆಯಿಂದ ಡಾಕ್ಟರು ಬಂದು ನನಗೆ ಸೂಜಿ ಚುಚ್ಚಿ, ಮಗುವನ್ನು ಬಹಳ ಹೊತ್ತು ನೋಡಿದರು.

"ಮೈಸೂರಿಗೆ ಕರ್ಕೊಂಡ್ ಹೋಗಿ ಅನ್ಬೇಕು. ಆದರೆ ಈ ಗಾಳೀಲಿ ಬಸ್ಸಿನಲ್ಲಿ ಹೋದರೆ ಮಗು ದಾರೀಲಿ ಉಳಿಯೋದೇ ಕಷ್ಟ. ಮೈ ತಣ್ಣಗಾಗೋಕೆ ಬಿಡಬೇಡಿ. ಅದೊಂದೇ ಈಗ ಔಷಧ" ಎಂದರು.

ಅಂದಿನಿಂದ ಯುದ್ಧ ಶುರುವಾಯಿತು. ದೊಡ್ಡತ್ತೆ ಹಳೆಯ ಸೀರೆಯ ತುಂಡಿನಲ್ಲಿ ಮಗುವನ್ನು ತಮ್ಮ ಬರಿಯ ಎದೆಗೆ ಕಟ್ಟಿಕೊಂಡರು. ಒಲೆಯ ಪಕ್ಕದ ಗೋಡೆಗೆ ಒರಗಿ ಕೂತರು. ಜನ್ಮದಲ್ಲಿ ಮುಟ್ಟದ ಕಂಬಳಿಯನ್ನು ತರಿಸಿ ಹೊದ್ದರು. ನಮ್ಮ ಯಜಮಾನರು ಬಾಯಿ ಬಿಟ್ಟುಕೊಂಡು ನೋಡಿದ್ದಕ್ಕೆ, "ಏನ್ಲಾ ನೋಡೀಯ? ಇದು ಕೂಸಿಗ. ನಂಗಲ್ಲ!" ಎಂದು ಸಿಡುಕಿದರು.

ರೇಡಿಯೋದ ಸುದ್ದಿ ಹೊಸ್ತಿಲು ದಾಟಬಾರದೆಂದು ಆಜ್ಞೆಯಾಯಿತು. ಪಾಪ, ನಮ್ಮ ಯಜಮಾನರು ಸಂಜೆ ಕಟ್ಟೆಯಿಂದ ಬಂದು ಬಾಗಿಲಲ್ಲಿ ನಿಂತರೆ ಮುಖವೇ ಎಲ್ಲ ಹೇಳುತ್ತಿತ್ತು.

"ಇನ್ನೊಂದು ಗಾಳಿ ಬತ್ತದ ಅಂತಾನಾ?" ಎನ್ನುವರು ದೊಡ್ಡತ್ತೆ.

ಯಜಮಾನರು ಹೌದೆಂದು ತಲೆಯಾಡಿಸುವರು.

"ಬರ್ಲಿ. ಬಂದು ನನ್ನ ಎದ ಮ್ಯಾಲಿಂದ ಎತ್ಕಂಡೋಗ್ಲಿ, ನೋಡ್ತೀನಿ!"

ಬಾಣಂತಿಯನ್ನು ನೋಡಲು ಬಂದ ಪಕ್ಕದ ಮನೆಯಾಕೆ ಮಾತ್ರ ಪೆಟ್ಟು ತಿನ್ನದೆ ಹೋದದ್ದು ಆಕೆಯ ಪುಣ್ಯ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆಸ ಮಡೀಕಬ್ಯಾಡಿ ಅಕ್ಕ. ಎಣ್ಕೂಸು ತಾನೆ? ಓದ್ರ ಓಯ್ತು, ಬುಡಿ" ಎಂದಳು.

ದೊಡ್ಡತ್ತೆಯ ಎದೆಯ ಮೇಲೆ ಮಗು ಇದ್ದುದರಿಂದ ಅವರು ಕೂಗುವಂತಿರಲಿಲ್ಲ. ಪಿಸುದನಿಯಲ್ಲೇ ಗುಡುಗಿದರು: "ನೀನೇನವ್ವ ಎಣ್ಕೂಸಾಗಿ ಉಟ್ಟದೆ ಗಿಡದಲ್ಲಿ ಬುಟ್ಟಿದ್ಯಾ? ಎದ್ದೋಗು. ಓಗೋವಾಗ ಬಾಗ್ಲ ಎಳ್ಕಂಡೋಗು, ಗಾಳಿ ಬತ್ತದ!"

ಮಗುವಿಗೆ ಎಳೆದು ಕುಡಿಯುವ ಶಕ್ತಿಯೇ ಇರಲಿಲ್ಲ. ನಾನು ಹಾಲು ಹಿಂಡಿ ಕೊಡುತ್ತಿದ್ದೆ. ದೊಡ್ಡತ್ತೆ ಹಾಲು ಕುಡಿಸುವ ಒಳಲೆಯ ಮೂತಿಯಿಂದ ತೊಟ್ಟು ತೊಟ್ಟಾಗಿ ಅದರ ತುಟಿಗೆ ಬಿಡುತ್ತಿದ್ದರು. ಅರ್ಧ ಕಟವಾಯಿಯಲ್ಲಿ ಇಳಿದು ಹೋಗುತ್ತಿತ್ತು. ಕೂತಲ್ಲೇ ನಿದ್ದೆ, ಕೂತಲ್ಲೇ ಊಟ. ಬೆನ್ನು ನೆಟ್ಟಗೆ ಮಾಡಲಾಗದೆ ಅವರು ನರಳುವುದು ನನಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತು ಕೊಡಿ ಎಂದರೆ, "ನಿನ್ನ ಮೈಯ್ಯೇ ನಡುಗ್ತದ. ಸುಮ್ನ ಮನೀಕೊ" ಎನ್ನುವರು.

ನನ್ನ ಜ್ವರ ಇಳಿಯಿತು. ಗಾಳಿ ಇಳಿಯಲಿಲ್ಲ. ಹೊರಗೆ ಬಿಸಿಲು ಹರಡಿದ್ದ ಒಂದು ಬೆಳಗ್ಗೆ ನಾನು ಎದ್ದು ಕೂತು ಗಂಜಿ ಕುಡಿಯುತ್ತಿದ್ದೆ. ಗೋಡೆಯ ಕಡೆಯಿಂದ ದೊಡ್ಡತ್ತೆ "ಅಯ್ಯೋ!" ಎಂದರು. ಮುಗಿಯಿತು ಎಂದುಕೊಂಡೆ. ಗೋಡೆ ಹಿಡಿದುಕೊಂಡು ಹೋಗಿ ಕಂಬಳಿ ಸರಿಸಿದೆ.

ಮಗು ತಲೆಯನ್ನು ಅತ್ತಿತ್ತ ಉಜ್ಜಿ, ಹುಡುಕಿ, ದೊಡ್ಡತ್ತೆಯ ಬತ್ತಿದ ಮೊಲೆಯನ್ನು ಬಾಯಿಗೆ ಹಾಕಿಕೊಂಡಿತ್ತು. ಎಳೆಯುತ್ತಿತ್ತು! ಒಳಲೆಯ ತೊಟ್ಟನ್ನೂ ನುಂಗಲಾರದ ಮಗು ಕೆನ್ನೆ ಒಳಗೆ ಹೋಗುವ ಹಾಗೆ ಎಳೆಯುತ್ತಿತ್ತು.

"ಚೀಪ್ತಾ ಅದ ಕಣಮ್ಮಿ" ಎಂದರು ದೊಡ್ಡತ್ತೆ. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಬಲ ಬಂದದ. ನೋಡು, ಎಂಗ ಎಳೀತದ."

ಅವರು ನಗುತ್ತಿದ್ದರು. ಕಣ್ಣೀರು ಸುಕ್ಕುಗಳಲ್ಲಿ ದಾರಿ ಹುಡುಕಿಕೊಂಡು ಇಳಿಯುತ್ತಿತ್ತು. ಯಾವ ಮಗುವೂ ಬಾಯಿಡದಿದ್ದ ಎದೆಯನ್ನು ಒಂದು ಕ್ಷಣ ಹಾಗೇ ಬಿಟ್ಟುಕೊಟ್ಟರು. ಆಮೇಲೆ ಕಿರುಬೆರಳನ್ನು ಮಗುವಿನ ಬಾಯಿಯ ಪಕ್ಕಕ್ಕೆ ತೂರಿಸಿ, ಮೆಲ್ಲಗೆ ಬಿಡಿಸಿ, ಕಟ್ಟು ಬಿಚ್ಚಿ ನನ್ನ ಕಡೆ ಚಾಚಿದರು.

"ತಕ್ಕೊ ಕಣಮ್ಮಿ. ನನ್ನತ್ರ ಕಾವು ಮಾತ್ರ ಅದ. ಹಾಲು ನಿನ್ನತ್ರ ಅದ."

ಮಗಳು ಮೊದಲ ಸಲ ನನ್ನ ಎದೆಯಲ್ಲಿ ಕುಡಿದಳು. ದೊಡ್ಡತ್ತೆ ಬಗ್ಗಿ, ಅವಳ ಗಂಟಲು ಒಂದೊಂದು ಗುಟುಕಿಗೂ ಏರಿಳಿಯುವುದನ್ನೇ ನೋಡುತ್ತಿದ್ದರು. ಅವರ ಬಾಯಿಯೂ ಅದರ ಜೊತೆಗೇ ಚಪ್ಪರಿಸುತ್ತಿತ್ತು.

ಹೊಟ್ಟೆ ತುಂಬಿ ಮಗು ಬಾಯಿ ಬಿಟ್ಟಿತು. ದೊಡ್ಡತ್ತೆ ಕೊಡೆಂದು ಕೇಳಲಿಲ್ಲ. ನಾನೇ ಎತ್ತಿ, ಅವರ ಸೆರಗು ಸರಿಸಿ, ಅದೇ ಜಾಗದಲ್ಲಿ ಮಲಗಿಸಿದೆ.

"ಇರ್ಲಿ ಬುಡು, ನೀನೇ ಮಡೀಕೊ" ಎನ್ನುತ್ತಲೇ ಅವರ ಎರಡು ಕೈಯೂ ಮಗುವಿನ ಬೆನ್ನ ಮೇಲೆ ಬಂದಿದ್ದವು.